ಪುಯೊ ಪುಯೊ
ಜಪಾನಿನ ಒಗಟಿನ ವಿಡಿಯೊ ಗೇಮ್ ಸರಣಿ. ಮೊದಲ ಆಟವನ್ನು ಕಂಪೈಲ್ ಸಂಸ್ಥೆ 1991ರಲ್ಲಿ ಎಂಎಸ್‌ಎಕ್ಸ್2 ಕಂಪ್ಯೂಟರಿಗೂ ಫ್ಯಾಮಿಕಾಮ್ ಡಿಸ್ಕ್ ಸಿಸ್ಟಮ್‌ಗೂ ಹೊರತಂದಿತು. ಜೋಡಿಯಾಗಿ ಬೀಳುವ, 'ಪುಯೊ' ಎಂಬ ಬಣ್ಣದ ತುಣುಕುಗಳಲ್ಲಿ ಒಂದೇ ಬಣ್ಣದ ನಾಲ್ಕು ತಾಗಿಕೊಂಡರೆ ಮಾಯವಾಗುತ್ತವೆ. ಮೇಲಿನವು ಕುಸಿದು ಮತ್ತೆ ನಾಲ್ಕು ಕೂಡಿದರೆ ಸರಪಳಿ ಬೆಳೆದು, ಎದುರಾಳಿಯ ಅಂಕಣಕ್ಕೆ ಅಡ್ಡಿಯ ಪುಯೊಗಳು ಸುರಿಯುತ್ತವೆ. 1992ರ ಆರ್ಕೇಡ್ ಆವೃತ್ತಿ ಜಪಾನಿನಲ್ಲಿ ಅಪಾರ ಜನಪ್ರಿಯವಾಯಿತು. 1993ರಲ್ಲಿ ಪಾತ್ರಗಳನ್ನು ಬದಲಿಸಿ, 'ಡಾ. ರೊಬಾಟ್ನಿಕ್ಸ್ ಮೀನ್ ಬೀನ್ ಮೆಷೀನ್' ಹೆಸರಿನಲ್ಲಿ ಪಾಶ್ಚಾತ್ಯ ದೇಶಗಳಿಗೆ ಕೊಂಡೊಯ್ಯಲಾಯಿತು.

'ಪುಯೊ ಪುಯೊ ತ್ಸು' (1994) ಸರಣಿಯ ಮುಖ್ಯ ತಿರುವು: ಎದುರಾಳಿ ಕಳಿಸಿದ ಅಡ್ಡಿಯನ್ನು ನಮ್ಮ ಸರಪಳಿಯಿಂದಲೇ ರದ್ದುಗೊಳಿಸುವ ನಿಯಮ ಆಟಕ್ಕೆ ನಿಜವಾದ ದ್ವಂದ್ವದ ಕಳೆ ತಂದಿತು. 1998ರಲ್ಲಿ ಸರಣಿಯ ಹಕ್ಕುಗಳು ಸೆಗಾ ಸಂಸ್ಥೆಯ ಪಾಲಾದವು. ಆನಂತರದ ಪ್ರಮುಖ ಆಟಗಳು: 'ಪುಯೊ ಪುಯೊ ಫೀವರ್' (2003), 'ಪುಯೊ ಪುಯೊ ಟೆಟ್ರಿಸ್' (ಜಪಾನ್ 2014, ಪಾಶ್ಚಾತ್ಯ ದೇಶಗಳು 2017), 'ಪುಯೊ ಪುಯೊ ಟೆಟ್ರಿಸ್ 2' (2020).