ಕಡಿದಾದ ಬಂಡೆಗಳನ್ನು ಸೂಚಿಸುವ ಕನ್ನಡ ಪದಗಳು

ನೆಲದಿಂದ ನೆಟ್ಟಗೆ ಅಥವಾ ಅಲ್ಪಸ್ವಲ್ಪ ಓರೆಯಾಗಿ ಎದ್ದುನಿಂತ ಕಲ್ಲಿನ ಮುಖಕ್ಕೆ ಕನ್ನಡದ ಆಡುಮಾತಿನಲ್ಲಿ ಎಲ್ಲೆಡೆ ಸಲ್ಲುವ ಒಂದೇ ಹೆಸರಿಲ್ಲ. ಹೇಳುವವರು ಬೆಟ್ಟದ ಬುಡದಲ್ಲಿದ್ದಾರೆಯೇ ಅಂಚಿನಲ್ಲಿದ್ದಾರೆಯೇ, ಅವರ ಗಮನ ಕಲ್ಲಿನ ಮೇಲಿದೆಯೇ ಕೆಳಗಿನ ಆಳದ ಮೇಲಿದೆಯೇ ಎಂಬುದನ್ನು ಅನುಸರಿಸಿ ಪದ ಬದಲಾಗುತ್ತದೆ. ಬುಡದಿಂದ ಕಂಡಾಗ ಬಂಡೆಯಾದುದು ಅಂಚಿನಿಂದ ಇಣುಕಿದಾಗ ಪ್ರಪಾತವಾಗುತ್ತದೆ. ತುದಿಯಲ್ಲಿ ಚಾಚಿಕೊಂಡ ಕಲ್ಲು ಕೋಡುಗಲ್ಲಾದರೆ, ಕೆಳಗೆ ಬಾಯ್ದೆರೆದ ಇಕ್ಕಟ್ಟಾದ ಆಳ ಕಮರಿ ಎನಿಸಿಕೊಳ್ಳುತ್ತದೆ.

ಬಂಡೆ ಎಂಬ ಪದದಲ್ಲಿ ಕಡಿದಾಗಿರುವಿಕೆಯ ಅರ್ಥ ತಾನಾಗಿ ಇಲ್ಲ. ರೈತರು ಕಾಳು ಒಣಗಿಸುವ, ನೆಲಕ್ಕೆ ಸಮನಾಗಿ ಹರಡಿದ ಕಲ್ಲೂ ಬಂಡೆಯೇ ಆದ್ದರಿಂದ ಅದನ್ನು ಹಾಸುಬಂಡೆ ಎಂದೂ, ಏರಲಾಗದ್ದನ್ನು ಕಡಿದಾದ ಬಂಡೆ ಎಂದೂ ವಿಶೇಷಣ ಸೇರಿಸಿ ಬೇರ್ಪಡಿಸಬೇಕಾಗುತ್ತದೆ. ಹಳಗನ್ನಡದಲ್ಲಿ ಬಂಡೆಗೆ ಅಱೆ ಎಂಬ ಪದವಿತ್ತು. ಈಗ ಅದು ಹಾಸರೆಯಂಥ ಸಮಾಸಗಳಲ್ಲಿ ಉಳಿದಿದೆ. ಬಿಡಿಯಾಗಿ ಮರೆಯಾಗಲು ಅರ್ಧ ಎಂಬ ಅರ್ಥದ ‘ಅರೆ’ಯೊಡನೆ ಅದು ಬೆರೆತುಹೋದದ್ದೂ ಒಂದು ಕಾರಣವಿರಬಹುದು. ಕರಾವಳಿಯಲ್ಲಿ ತುಳುವಿನ ಪಾದೆ ಎಂಬ ಪದ ಬಳಕೆಯಲ್ಲಿದೆ.

ದಕ್ಷಿಣ ಕರ್ನಾಟಕದ ಗ್ರಾನೈಟ್ ಬೆಟ್ಟಗಳಲ್ಲಿ ಕಲ್ಲು ಈರುಳ್ಳಿಯಂತೆ ಪದರಪದರವಾಗಿ ಸುಲಿಯುವುದರಿಂದ ಮುಖ ಗೋಡೆಯಂತಿರದೆ ಗುಮ್ಮಟದಂತೆ ಬಾಗಿ, ಕೆಳಗಿಳಿದಂತೆ ಕಡಿದಾಗುತ್ತದೆ. ಕರಿಗುಡ್ಡ, ಬಿಳಿಗುಡ್ಡಗಳೆಂಬ ಎರಡು ಗುಡ್ಡಗಳುಳ್ಳ, ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದ ಸಾವನದುರ್ಗ ಇದಕ್ಕೆ ಒಳ್ಳೆಯ ನಿದರ್ಶನ. ಇಂಥ ಬೆಟ್ಟವನ್ನು ಏಕಶಿಲಾ ಬೆಟ್ಟ ಎನ್ನುವ ರೂಢಿಯಿದೆ. ಮಧುಗಿರಿಗೂ ಆ ಹೆಸರು ಸಂದಿದೆ. ಏರಲು ಕಷ್ಟವಾದುದು ಎಂಬ ಅರ್ಥದ ದುರ್ಗ ಎಂಬ ಸಂಸ್ಕೃತ ಪದ ಕೋಟೆಗೆ ಹೆಸರಾದದ್ದೂ ಇಂಥ ನೆಲದ ಗುಣದಿಂದಲೇ, ಆದರೆ ದುರ್ಗಮವೆನಿಸಿದ್ದ ಸಾವನದುರ್ಗ 1791ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸನ ಸೇನೆಯ ವಶವಾಯಿತು. ಚಿತ್ರದುರ್ಗದಂಥ ಕಡೆ ಬಂಡೆಗಳ ನಡುವಿನ ಕಿರಿದಾದ ಸಂದಿಗೆ ಕಿಂಡಿ ಎಂದೂ, ಬಂಡೆಯ ಕುಳಿಯಲ್ಲಿ ನೀರು ನಿಂತ ತಾಣಕ್ಕೆ ದೊಣೆ ಎಂದೂ ಹೆಸರು.

ಬಾದಾಮಿಯ ಕೆಂಪು ಮರಳುಗಲ್ಲಿನದು ಬೇರೆಯೇ ರೀತಿ. ಅಡ್ಡಲಾಗಿ ಪದರಗೊಂಡ ಆ ಕಲ್ಲು ಲಂಬವಾದ ಬಿರುಕುಗಳಗುಂಟ ಕಳಚಿ ಬೀಳುವುದರಿಂದ ಉಳಿದ ಮುಖ ಕೊಯ್ದಿಟ್ಟಂತೆ ನೆಟ್ಟಗಿರುತ್ತದೆ. ಕಲ್ಲಿನ ಗೋಡೆ ಎಂಬ ಮಾತು ಇಲ್ಲಿ ಉತ್ಪ್ರೇಕ್ಷೆಯಲ್ಲ. ಚಾಲುಕ್ಯ ದೊರೆ ಒಂದನೆಯ ಪುಲಕೇಶಿ ಬೆಟ್ಟವನ್ನು ಕೋಟೆಯಾಗಿಸಿದ್ದನ್ನು ತಿಳಿಸುವ ಶಕ 465ರ, ಎಂದರೆ ಕ್ರಿ.ಶ. 543ರ ಶಾಸನವನ್ನು ಇಲ್ಲಿನ ಬಂಡೆಯ ಮೇಲೆಯೇ ಕೆತ್ತಲಾಗಿದೆ. ತ್ರಿಪದಿಯ ಅತಿ ಹಳೆಯ ಮಾದರಿಗಳನ್ನುಳ್ಳ, ಸುಮಾರು 700ರ ಕಪ್ಪೆ ಅರಭಟ್ಟನ ಶಾಸನವೂ ಕೆರೆಗೆ ಮುಖಮಾಡಿದ ಬಂಡೆಯ ಮೇಲೆಯೇ ಇದೆ. ಈಗ ಇದೇ ಗೋಡೆಗಳನ್ನು ಹಗ್ಗ ಹಿಡಿದು ಹತ್ತಲು ಬರುವವರು ‘ರಾಕ್ ಕ್ಲೈಂಬಿಂಗ್’ ಎಂಬ ಪದವನ್ನೇ ಬಳಸುತ್ತಾರೆ. ಶಿಲಾರೋಹಣ ಎಂಬುದು ಹೆಚ್ಚಾಗಿ ಪತ್ರಿಕೆಗಳ ಭಾಷೆಯಲ್ಲಿ ಉಳಿದಿದೆ.

ಘಟ್ಟ ಎಂಬುದು ಇಳಿಜಾರನ್ನೂ ಅದನ್ನು ದಾಟುವ ದಾರಿಯನ್ನೂ ಒಟ್ಟಿಗೆ ಹೇಳುವುದರಿಂದ ಬಂಡೆಯ ಮುಖಕ್ಕೆ ಸರಿಹೊಂದುವುದಿಲ್ಲ. ಶರಾವತಿ 253 ಮೀಟರ್ ಧುಮುಕುವ ಜೋಗದಲ್ಲಿಯೂ ಹೆಸರು ದೊರೆತಿರುವುದು ನೀರಿನ ಧಾರೆಗಳಿಗೇ ಹೊರತು ಹಿಂದಿನ ಕಲ್ಲಿಗಲ್ಲ.

ಸಂಸ್ಕೃತದ ಅಮರಕೋಶವು ಪ್ರಪಾತ, ಅತಟ, ಭೃಗು ಎಂಬ ಮೂರನ್ನೂ ಸಮಾನಾರ್ಥಕಗಳೆಂದು ಹೇಳುತ್ತದೆ. ಇವುಗಳಲ್ಲಿ ಕನ್ನಡದ ನಿತ್ಯ ಬಳಕೆಗೆ ಬಂದದ್ದು ಪ್ರಪಾತವೊಂದೇ. ಅದೂ ಈಗ ಬಂಡೆಯ ಅಂಚನ್ನು ಬಿಟ್ಟು ಕೆಳಗಿನ ಆಳದ ಕಡೆಗೆ ಸರಿದಿದೆ. ವಾಹನ ಪ್ರಪಾತಕ್ಕೆ ಉರುಳಿತು ಎಂದು ಪತ್ರಿಕೆಗಳು ಬರೆಯುವಾಗ ಅಲ್ಲಿ ಬಂಡೆಯೇ ಇರಬೇಕೆಂದೇನಿಲ್ಲ, ಮಣ್ಣಿನ ಕಡಿದಾದ ಇಳಿಜಾರೂ ಆಗಿರಬಹುದು.