ಮೇಣದ ಕಾಗದದಲ್ಲಿ ಹಂಪೆ

50 ರೂಪಾಯಿಯ ಹೊಸ ನೋಟಿನ ಹಿಂಬದಿಯಲ್ಲಿರುವ ಹಂಪೆಯ ಕಲ್ಲಿನ ರಥಕ್ಕೆ ಶಿಖರವಿಲ್ಲ. ವಿಠ್ಠಲ ದೇವಾಲಯದ ಅಂಗಳದಲ್ಲಿ ನಾವು ಕಾಣುವ ರಥವೂ ಹಾಗೆಯೇ ಇದೆ. ಅದೇ ಅದರ ಮೂಲರೂಪವೆಂದು ನಂಬಿದವರೇ ಹೆಚ್ಚು. ಆದರೆ ಮದರಾಸು ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಛಾಯಾಚಿತ್ರದಲ್ಲಿ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವೊಂದು ನಿಂತಿದೆ.

ಚಿತ್ರಕಾರನೊಬ್ಬ ಅದನ್ನು ಬರೆದಿದ್ದರೆ ಅವನ ಕಲ್ಪನೆಯೆಂದು ತಳ್ಳಿಹಾಕಬಹುದಿತ್ತು. ಹಂಪೆಯ ನಕ್ಷೆ 1799ರಲ್ಲಿಯೇ ಕಾಲಿನ್ ಮೆಕೆಂಜಿಯ ನೇತೃತ್ವದಲ್ಲಿ ಸಿದ್ಧವಾಗಿತ್ತು. ಆದರೆ ಕೈಬರಹದ ಚಿತ್ರಕ್ಕಿಲ್ಲದ ಪ್ರಾಮಾಣ್ಯ ಬೆಳಕು ತಾನೇ ಬರೆದ ಚಿತ್ರಕ್ಕಿದೆ ಎಂಬ ನಂಬಿಕೆ 1850ರ ದಶಕದಲ್ಲಿ ಕಂಪನಿ ಸರಕಾರಕ್ಕೂ ಬಂದಿತ್ತು. ಮುಂಬಯಿ ಪ್ರಾಂತ್ಯದ ಪರವಾಗಿ ಕ್ಯಾಪ್ಟನ್ ಥಾಮಸ್ ಬಿಗ್ಸ್ 1855ರಲ್ಲಿ ಬಿಜಾಪುರ, ಬಾದಾಮಿ, ಐಹೊಳೆಗಳ ಚಿತ್ರ ತೆಗೆದದ್ದು ಈ ನಂಬಿಕೆಯಿಂದಲೇ.

ಆಗಿನ್ನೂ ಛಾಯಾಗ್ರಹಣಕ್ಕೆ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಪ್ಯಾರಿಸ್ಸಿನ ದಗೇರ್ ಕಂಡುಹಿಡಿದ ವಿಧಾನವನ್ನು 1839ರಲ್ಲಿ ಲೋಕಕ್ಕೆ ತಿಳಿಸಲಾಯಿತು. ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಮೂಡುತ್ತಿದ್ದ ಆ ಚಿತ್ರ ಬಲು ಸ್ಫುಟ, ಆದರೆ ಅದಕ್ಕೆ ಪ್ರತಿಯಿಲ್ಲ. ಇಂಗ್ಲೆಂಡಿನ ಟಾಲ್ಬಟ್ 1841ರಲ್ಲಿ ಪೇಟೆಂಟ್ ಪಡೆದ ಕ್ಯಾಲೊಟೈಪ್ ವಿಧಾನದಲ್ಲಿ ಕಾಗದದ ಮೇಲೆ ನೆಗೆಟಿವ್ ಮೂಡುತ್ತಿತ್ತು. ಒಂದರಿಂದ ಬೇಕಾದಷ್ಟು ಪ್ರತಿ ತೆಗೆಯಬಹುದು. ಕಾಗದದ ನಾರು ಚಿತ್ರದೊಳಗೆ ಇಣುಕುವುದೇ ಇದರ ದೋಷ. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1851ರಲ್ಲಿ ಅದಕ್ಕೊಂದು ಪರಿಹಾರ ಪ್ರಕಟಿಸಿದ: ಕಾಗದಕ್ಕೆ ಮೊದಲೇ ಜೇನುಮೇಣ ಉಣಿಸುವುದು. ಗ್ರೀನ್‌ಲಾ ಹಂಪೆಗೆ ಒಯ್ದದ್ದು ಈ ಮೇಣದ ಕಾಗದವನ್ನೇ.

ಅದರ ತಯಾರಿ ಓದಿದರೆ ಅರ್ಧ ಪ್ರಯೋಗಶಾಲೆ, ಅರ್ಧ ಅಡುಗೆಮನೆ. ತೆಳುವಾದ ಕಾಗದಕ್ಕೆ ಬಿಸಿ ಇಸ್ತ್ರಿಯಿಂದ ಮೇಣವನ್ನು ಇಳಿಸಬೇಕು, ಹೆಚ್ಚಿನದನ್ನು ಒತ್ತುಕಾಗದಕ್ಕೆ ಹೀರಿಸಬೇಕು. ಬಳಿಕ ಅಕ್ಕಿ ಬೇಯಿಸಿ ಸೋಸಿದ ತಿಳಿಯಲ್ಲಿ ಹಾಲಿನ ಸಕ್ಕರೆಯನ್ನೂ ಪೊಟ್ಯಾಸಿಯಂ ಅಯೊಡೈಡನ್ನೂ ಕರಗಿಸಿ ಕಾಗದವನ್ನು ನೆನೆಯಿಡಬೇಕು. ಗಂಜಿಯ ತಿಳಿಗೆ ಇಂಥದೊಂದು ಉಪಯೋಗವಿದೆಯೆಂದು ನಮ್ಮ ಅಜ್ಜಿಯರು ನಂಬುತ್ತಿರಲಿಲ್ಲ! ಒಣಗಿದ ಹಾಳೆಯನ್ನು ಮಂದಬೆಳಕಿನಲ್ಲಿ ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಿ ತೊಳೆದರೆ ಅದು ಬೆಳಕಿಗೆ ಸ್ಪಂದಿಸತೊಡಗುತ್ತದೆ. ಚಿತ್ರ ಹಿಡಿದ ಮೇಲೆ, ಮಾಚಿಕಾಯಿಯಿಂದ ದೊರೆಯುವ ಗ್ಯಾಲಿಕ್ ಆಮ್ಲದಲ್ಲಿ ಹಾಳೆ ಗಂಟೆಗಟ್ಟಲೆ ಮುಳುಗಿರಬೇಕು. ಚಿತ್ರ ಮೆಲ್ಲನೆ ಕಪ್ಪಾಗಿ ಮೂಡುತ್ತದೆ. ಹೈಪೋ ದ್ರಾವಣದಲ್ಲಿ ಅದನ್ನು ಸ್ಥಿರಗೊಳಿಸಿ, ಮತ್ತೆ ಬಿಸಿ ತಾಗಿಸಿದರೆ ಮೇಣ ಕರಗಿ ನೆಗೆಟಿವ್ ಪಾರದರ್ಶಕವಾಗುತ್ತದೆ.

ಅದೇ 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಕೊಲೋಡಿಯನ್ ವಿಧಾನ ಇದಕ್ಕಿಂತ ಚುರುಕಾಗಿತ್ತು. ಆದರೆ ಅದರ ಗಾಜಿನ ಫಲಕ ಹಸಿಯಾಗಿರುವಾಗಲೇ ಲೇಪನದಿಂದ ಸಂಸ್ಕರಣದವರೆಗಿನ ಎಲ್ಲವೂ ಮುಗಿಯಬೇಕು. ಬಳ್ಳಾರಿ ಸೀಮೆಯ ಬಿಸಿಲಿನಲ್ಲಿ ಈಥರ್ ಎಷ್ಟು ಹೊತ್ತು ನಿಂತೀತು? ಮೇಣದ ಕಾಗದವನ್ನಾದರೋ ದಿನಗಳ ಮೊದಲೇ ಸಿದ್ಧಪಡಿಸಿಕೊಂಡು, ಚಿತ್ರ ತೆಗೆದ ಮೇಲೂ ಕೆಲವು ದಿನ ಕಾಯಿಸಬಹುದಿತ್ತು. ಗಾಜಿನಂತೆ ಒಡೆಯುವ ಭಯವೂ ಇಲ್ಲ.

ಈ ಅನುಕೂಲಕ್ಕೆ ತೆತ್ತ ಬೆಲೆ ನಿಧಾನ. ಮಸೂರವನ್ನು ಹಲವು ನಿಮಿಷ ತೆರೆದಿಡಬೇಕಿತ್ತು, ಅಷ್ಟು ಹೊತ್ತು ಕದಲದೆ ಇದ್ದದ್ದು ಮಾತ್ರ ಚಿತ್ರದಲ್ಲಿ ಉಳಿಯುತ್ತಿತ್ತು. 1838ರಲ್ಲಿ ದಗೇರ್ ತೆಗೆದ ಪ್ಯಾರಿಸ್ಸಿನ ಜನನಿಬಿಡ ಬೀದಿಯ ಚಿತ್ರದಲ್ಲಿ ಗಾಡಿಗಳಿಲ್ಲ, ಜನಸಂದಣಿಯಿಲ್ಲ. ಬೂಟಿಗೆ ಪಾಲಿಶ್ ಮಾಡಿಸಿಕೊಳ್ಳುತ್ತ ನಿಂತಿದ್ದವನೊಬ್ಬ ಉಳಿದುಕೊಂಡಿದ್ದಾನೆ. ಹಂಪೆಯಲ್ಲಿಯೂ ನಡೆದು ಹೋದ ಯಾತ್ರಿಕ, ಮೇಯುತ್ತ ಸಾಗಿದ ದನ, ತಲೆಯಾಡಿಸಿದ ಮರದ ಕೊಂಬೆ ಕಾಗದದ ಮೇಲೆ ಅಳಿಸಿಹೋಗುವುದು ಸಹಜವೇ. ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುವ ಸಿಲ್ವರ್ ಅಯೊಡೈಡ್ ಮೋಡಗಳನ್ನೂ ನುಂಗಿ ಆಕಾಶವನ್ನು ಬರಿದುಮಾಡುತ್ತಿತ್ತು.

1565ರ ಬಳಿಕ ಹಂಪೆ ನಿರ್ಜನವಾಯಿತೆಂಬ ಮಾತು ನಮ್ಮ ಕಾದಂಬರಿ ನಾಟಕಗಳಲ್ಲಿ ಬೇರೂರಿದೆ. ವಿರೂಪಾಕ್ಷನ ಪೂಜೆ ಮಾತ್ರ ಇಂದಿನವರೆಗೂ ನಡೆದುಬಂದಿದೆ, ಜಾತ್ರೆಯೂ ಇದೆ. ಆ ನಿರ್ಜನತೆಯ ಕಲ್ಪನೆಯನ್ನು ಛಾಯಾಚಿತ್ರ ಹುಟ್ಟಿಸಲಿಲ್ಲ. ಆದರೆ ಇಂತಹ ಮಂದಗತಿಯ ಚಿತ್ರಗಳು ಅದಕ್ಕೆ ಸಾಕ್ಷಿಯ ವೇಷ ತೊಡಿಸಿದವೆಂದು ನನ್ನ ಭಾವನೆ. ಇಲ್ಲದ ಶಿಖರವನ್ನು ಉಳಿಸಿಕೊಟ್ಟ ವಿಧಾನವೇ ಇದ್ದ ಜನರನ್ನು ಕಾಣದಂತೆ ಮಾಡಬಲ್ಲದಾಗಿತ್ತು. ಹಳೆಯ ಚಿತ್ರದ ಮೌನವನ್ನು ಊರಿನ ಮೌನವೆಂದು ಓದುವ ಮೊದಲು ಮಸೂರ ಎಷ್ಟು ನಿಮಿಷ ತೆರೆದಿತ್ತೆಂದು ಕೇಳಬೇಕಾಗುತ್ತದೆ.

ಗ್ರೀನ್‌ಲಾನ ನೆಗೆಟಿವ್‌ಗಳು ವಿದ್ವಾಂಸರ ಕೈಸೇರಿದ ಮೇಲೆ, 1980ರ ದಶಕದಲ್ಲಿ, ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಅವನು ಕ್ಯಾಮೆರಾ ಇಟ್ಟ ಜಾಗಗಳನ್ನೇ ಹುಡುಕಿ ಅದೇ ದೃಶ್ಯಗಳನ್ನು ಮತ್ತೆ ತೆಗೆದರು. ವಿಠ್ಠಲ ದೇವಾಲಯದ ರಥವೂ ಅವುಗಳಲ್ಲೊಂದು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಕಣ್ಣು ಮೊದಲು ಹೋಗುವುದು ಇಟ್ಟಿಗೆಗಳಿದ್ದ ಆ ಜಾಗಕ್ಕೆ.