ನಾಚಿಕೆಗೆ ಎಷ್ಟು ಅಂಕ?

ಎರಡು ವರ್ಷದ ಹಿಂದಿನ ಮಾತು. ಮಹಾಗಾಂವದಿಂದ ನನ್ನ ತಂಗಿಯ ಮಗಳು ರಾತ್ರಿ ಹತ್ತರ ಮೇಲೆ ಫೋನು ಮಾಡಿದಳು. ಬಿ.ಕಾಂ. ಮುಗಿಸಿ ಬೆಂಗಳೂರಿನ ಒಂದು ಕಂಪನಿಗೆ ಅರ್ಜಿ ಹಾಕಿದ್ದಳು. ಲೆಕ್ಕದ ಪರೀಕ್ಷೆ, ಇಂಗ್ಲಿಷ್ ಪರೀಕ್ಷೆ ಎರಡೂ ಆಗಿದ್ದವು. ಮೊಬೈಲಿನಲ್ಲಿ ಈಗ ಮೂರನೆಯದು ಬಂದಿತ್ತು. ಇದರಲ್ಲಿ ಸರಿ ಉತ್ತರ, ತಪ್ಪು ಉತ್ತರ ಎಂಬುದಿಲ್ಲ ಎಂದು ಮೇಲೆಯೇ ಬರೆದಿತ್ತಂತೆ.

'ಮಾಮು, ಇಸ್ಕು ಕ್ಯಾ ದಬಾನಾ?' ಎಂದಳು. ಇದಕ್ಕೇನು ಒತ್ತಲಿ?

ಗುರುತಿಲ್ಲದವರ ಜೊತೆ ಮಾತು ಶುರುಮಾಡುವುದು ನನಗೆ ಸುಲಭ ಎಂಬರ್ಥದ ಒಂದು ವಾಕ್ಯ. ಅದರ ಕೆಳಗೆ ಪೂರ್ತಿ ಒಪ್ಪುತ್ತೇನೆ ಎನ್ನುವಲ್ಲಿಂದ ಸ್ವಲ್ಪವೂ ಒಪ್ಪುವುದಿಲ್ಲ ಎನ್ನುವವರೆಗೆ ಐದು ಗುಂಡಿ. ಈ ಹುಡುಗಿ ಮೂರು ವರ್ಷ ಕಲಬುರಗಿಗೆ ಓಡಾಡಿ ಓದಿದವಳು. ಹೆಂಗಸರ ಸೀಟಿನಲ್ಲಿ ನಿದ್ದೆ ಬಂದವರಂತೆ ನಟಿಸುವ ಗಂಡಸರನ್ನು ಎಬ್ಬಿಸಿ ಕೂತವಳು. ಅಂಥವಳು 'ಒಪ್ಪುವುದಿಲ್ಲ' ಒತ್ತಿದಳು. ಯಾಕೆಂದು ಕೇಳಿದೆ. 'ಒಪ್ಪುತ್ತೇನಂದ್ರೆ ಓದಿದವರು ಏನ್ ತಿಳ್ಕೋತಾರ ಮಾಮು? ಎಂಥಾ ಹುಡುಗಿ ಅನ್ನೋದಿಲ್ಲೇನು?'

ಹದಿನೈದು ದಿನಕ್ಕೆ ಎರಡು ಸಾಲಿನ ಉತ್ತರ ಬಂತು. ಈ ಹುದ್ದೆಗೆ ನಿಮ್ಮ ವ್ಯಕ್ತಿತ್ವ ಹೊಂದುವುದಿಲ್ಲ ಎಂದು. ಎಷ್ಟು ಅಂಕ, ಯಾವುದರಲ್ಲಿ ಕಡಿಮೆ, ಯಾರು ನೋಡಿದರು ಎಂಬುದೇನೂ ಇಲ್ಲ.

ಮನುಷ್ಯನ ಸ್ವಭಾವವನ್ನು ಹೀಗೆ ಅಳೆಯುವ ಪದ್ಧತಿ ಎಲ್ಲಿಂದ ಬಂತೆಂದು ನಾನು ಅಂದಿನಿಂದ ಹುಡುಕಿಕೊಂಡು ಓದಿದೆ. ಕಥೆ ಬರೆಯುವವನಿಗೆ ಇದು ಪಕ್ಕದ ಅಂಗಡಿಯ ವ್ಯಾಪಾರ. ಸರಕು ಒಂದೇ, ತಕ್ಕಡಿ ಬೇರೆ.

ಮೊದಲು ಸಿಗುವವನು ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್. ಕಂಡದ್ದನ್ನೆಲ್ಲ ಅಳೆಯುವ ಚಟದ ಮನುಷ್ಯ. 1884ರಲ್ಲಿ ಸ್ವಭಾವದ ಅಳತೆಯ ಬಗ್ಗೆಯೇ ಒಂದು ಪ್ರಬಂಧ ಬರೆದ. ಒಬ್ಬರ ಕಡೆಗೆ ಒಬ್ಬರಿಗೆ ಒಲವಿದ್ದರೆ ಊಟದ ಮೇಜಿನಲ್ಲಿ ಅವರು ಪರಸ್ಪರರ ಕಡೆ ವಾಲುತ್ತಾರೆ, ಕುರ್ಚಿಯ ಕಾಲಡಿ ಭಾರ ತೋರುವ ಸಾಧನವಿಟ್ಟರೆ ಆ ಒಲವನ್ನು ಅಳೆಯಬಹುದು ಎಂಬುದು ಅವನ ಒಂದು ಸಲಹೆ! ನಗು ಬರುತ್ತದೆ. ಆದರೆ ಗಾಲ್ಟನ್ ಬರೀ ನಗುವ ವಿಷಯವಲ್ಲ. ಉತ್ತಮ ತಳಿಯ ಮನುಷ್ಯರನ್ನಷ್ಟೇ ಬೆಳೆಸಬೇಕೆಂಬ 'ಯೂಜೆನಿಕ್ಸ್' ಎಂಬ ಪದವನ್ನು 1883ರಲ್ಲಿ ಹುಟ್ಟಿಸಿದವನೂ ಅವನೇ. ಅಳೆಯುವ ಆಸೆಯ ಬೆನ್ನಿಗೇ ಆರಿಸಿ ತೆಗೆಯುವ ಆಸೆ ಇತ್ತು.

ಪ್ರಶ್ನಾವಳಿ ಎನ್ನುವುದು ಯುದ್ಧದ ಮಗು. ಮೊದಲ ಮಹಾಯುದ್ಧದಲ್ಲಿ ಗುಂಡಿನ ಸದ್ದಿಗೆ ಸೈನಿಕರು ಕಂಗೆಡುತ್ತಿದ್ದರು. ಅಂಥವರನ್ನು ಮೊದಲೇ ಗುರುತಿಸಲು ಅಮೆರಿಕದ ಸೇನೆಗಾಗಿ ರಾಬರ್ಟ್ ವುಡ್‌ವರ್ತ್ 116 ಪ್ರಶ್ನೆಗಳ ಹಾಳೆ ಮಾಡಿದರು. ಹೌದು ಅಥವಾ ಇಲ್ಲ, ಅಷ್ಟೇ. ಬಳಕೆಗೆ ಬರುವಷ್ಟರಲ್ಲಿ ಯುದ್ಧವೇ ಮುಗಿದಿತ್ತು. ಹಾಳೆ ಮಾತ್ರ ಉಳಿಯಿತು. ಕಾಲೇಜಿಗೆ, ಕಾರ್ಖಾನೆಗೆ ಹೋಯಿತು. 1932ರಲ್ಲಿ ರೆನ್ಸಿಸ್ ಲಿಕರ್ಟ್ ಹೌದು-ಇಲ್ಲಗಳ ನಡುವೆ ಮೆಟ್ಟಿಲು ಕಟ್ಟಿದರು. ನನ್ನ ಸೊಸೆಯ ಮೊಬೈಲಿನ ಐದು ಗುಂಡಿ ಆ ಮೆಟ್ಟಿಲುಗಳೇ.

ಕರ್ನಾಟಕಕ್ಕೆ ಈ ವಿದ್ಯೆ ಬಂದದ್ದು ತಡವಾಗಿ ಏನಲ್ಲ. ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ 1905ರಲ್ಲೇ ಪ್ರಯೋಗಾತ್ಮಕ ಮನಶ್ಶಾಸ್ತ್ರದ ಪಠ್ಯಕ್ರಮ ರೂಪಿಸಿದ್ದ ಬ್ರಜೇಂದ್ರನಾಥ ಸೀಲ್ ಅವರು ಮೈಸೂರಿನ ಕುಲಪತಿಯಾಗಿದ್ದಾಗ, 1924ರಲ್ಲಿ, ಅಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಕಟ್ಟಿದವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ ಬಳಿ ಕಲಿತು ಬಂದ ಎಂ. ವಿ. ಗೋಪಾಲಸ್ವಾಮಿ. ಕನ್ನಡಿಗರು ಅವರನ್ನು ನೆನೆಯುವುದು ಬೇರೆ ಕಾರಣಕ್ಕೆ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ 'ಆಕಾಶವಾಣಿ' ರೇಡಿಯೋ ಶುರುಮಾಡಿದವರೂ ಅವರೇ.

ನನಗೆ ಹೆಚ್ಚು ಹತ್ತಿರವೆನಿಸಿದ್ದು ಧಾರವಾಡ ಸೀಮೆಯ ಕೆಲಸ. 1930ರ ದಶಕದಲ್ಲಿ ವಿ. ವಿ. ಕಾಮತ್ ಅವರು ಬಿನೆ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿದರು. ಆ ಬಗೆಗಿನ ಅವರ ಪುಸ್ತಕ 1940ರಲ್ಲಿ ಬಂತು. ಅಮೆರಿಕದ ಮಗು ಗುರುತಿಸುವ ನಾಣ್ಯವನ್ನು ಧಾರವಾಡದ ಮಗು ಗುರುತಿಸದಿದ್ದರೆ ಅದು ದಡ್ಡತನವಲ್ಲ, ಪ್ರಶ್ನೆಯ ದೋಷ. ಇಷ್ಟು ಸರಳ ಸಂಗತಿಗಾಗಿ ಮಕ್ಕಳ ಎದುರು ಒಬ್ಬೊಬ್ಬರಾಗಿ ಕೂತು, ಯಾವ ವಯಸ್ಸಿಗೆ ಯಾವ ಪ್ರಶ್ನೆ ಎಂದು ಮತ್ತೆ ಹೊಂದಿಸಬೇಕಾಯಿತು. ಬಿನೆ-ಕಾಮತ್ ಎಂಬ ಹೆಸರು ಮನೋವೈದ್ಯರ ಕೋಣೆಗಳಲ್ಲಿ ಇಂದಿಗೂ ಕೇಳುತ್ತದೆ.

ಆದರೆ ಬುದ್ಧಿಯ ಪ್ರಶ್ನೆಗೆ ಸರಿ ಉತ್ತರವೊಂದು ಇರುತ್ತದೆ. ನೀನು ಎಂಥವನು ಎಂಬ ಪ್ರಶ್ನೆಗೆ ಹಾಗಿಲ್ಲ. ಅಲ್ಲಿ ಸಾಕ್ಷಿಯೂ ಆರೋಪಿಯೂ ಒಬ್ಬನೇ. ಇನ್ನೊಂದು ತೊಡಕು, ಯಾರು ಕೇಳುತ್ತಿದ್ದಾರೆ ಎನ್ನುವುದು.

ಇದನ್ನು ಗಂಭೀರವಾಗಿ ಎದುರಿಸಿದ ಕೆಲಸ ನಡೆದದ್ದು ಕರಾವಳಿಯ ಕೋಟದಲ್ಲಿ, ಶಿವರಾಮ ಕಾರಂತರು ಹುಟ್ಟಿದ ಊರಲ್ಲಿ. ಆಗ ಅದು ದಕ್ಷಿಣ ಕನ್ನಡ, ಈಗ ಉಡುಪಿ ಜಿಲ್ಲೆ. ಮೋರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಎಂಬಿಬ್ಬರು ಮನೋವೈದ್ಯರು ಅಲ್ಲಿನ ಬ್ರಾಹ್ಮಣ, ಬಂಟ, ಮೊಗವೀರ ಕುಟುಂಬಗಳ ನಡುವೆ ಕೆಲಸ ಮಾಡಿದರು. ಅಳಿಯಸಂತಾನ ಹೋಗಿ ಮಕ್ಕಳ ಸಂತಾನ ಬರುತ್ತಿದ್ದ ಕಾಲ. ಆ ಬದಲಾವಣೆ ಮನಸ್ಸಿನ ಮೇಲೆ ಏನು ಮಾಡುತ್ತದೆ ಎಂಬುದು ಅವರ ಪ್ರಶ್ನೆಗಳಲ್ಲೊಂದು. 1976ರಲ್ಲಿ 'ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ' ಎಂಬ ಪುಸ್ತಕವಾಯಿತು. ಅವರು ಪಶ್ಚಿಮದ ಪ್ರಶ್ನಾವಳಿಯನ್ನು ಹಾಗೇ ಹಂಚಲಿಲ್ಲ. ಇಲ್ಲಿನ ಜನರಿಗಾಗಿಯೇ ಒಂದು ಸಂದರ್ಶನ ಪಟ್ಟಿ ಕಟ್ಟಿದರು. ಮೈಮೇಲೆ ದೈವ ಬರುವುದನ್ನು ಕೇಳಬೇಕಾದ ಸಂಗತಿ ಎಂದು ತಿಳಿದರು. ಊರಿನ ವೈದ್ಯರು, ಮಂತ್ರವಾದಿಗಳು, ಪಾತ್ರಿಗಳ ಬಳಿ ಜನ ಯಾಕೆ ಹೋಗುತ್ತಾರೆಂಬುದನ್ನೂ ಕಪೂರ್ ಅಧ್ಯಯನ ಮಾಡಿದರು. ನಮ್ಮವರು ಮನಸ್ಸಿನ ಬೇನೆಯನ್ನು ಮೈಯ ಮಾತಲ್ಲಿ ಹೇಳುತ್ತಾರೆ. ಎದೆ ಉರಿ, ಕೈಕಾಲು ಸೋಲುವುದು, ತಲೆಭಾರ. ಹಾಳೆಯಲ್ಲಿ ಆ ಮಾತಿಗೆ ಜಾಗವಿಲ್ಲದಿದ್ದರೆ ಬೇನೆಯೇ ಇಲ್ಲವೆಂದಾಗುತ್ತದೆ.

ಇನ್ನು ನಾಚಿಕೆ. ಅಮೆರಿಕದ ಫಿಲಿಪ್ ಜಿಂಬಾರ್ಡೊ 1970ರ ದಶಕದಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಶೇಕಡಾ 40ರಷ್ಟು ಜನ ತಾವು ನಾಚಿಕೆಯ ಸ್ವಭಾವದವರೆಂದರು. ಬೇರೆ ದೇಶಗಳಲ್ಲೂ ಕೇಳಿದಾಗ ಜಪಾನಿನಲ್ಲಿ ಹೆಚ್ಚು, ಇಸ್ರೇಲಿನಲ್ಲಿ ಕಡಿಮೆ ಎಂದು ಬಂತು. ಚೀಕ್ ಮತ್ತು ಬಸ್ ಎಂಬಿಬ್ಬರು 1981ರಲ್ಲಿ ಒಳ್ಳೆಯ ಭೇದವೊಂದನ್ನು ತೋರಿಸಿದರು: ನಾಚುವವನು ಜನ ಬೇಡವೆನ್ನುವವನಲ್ಲ, ಜನ ಬೇಕೆನಿಸಿಯೂ ಹಿಂಜರಿಯುವವನು ಇರುತ್ತಾನೆ. ಇಂಥ ಕಡೆ ಈ ಶಾಸ್ತ್ರಕ್ಕೆ ತಲೆಬಾಗಬೇಕು. ಕಥೆಗಾರರು ಹತ್ತು ಪುಟದಲ್ಲಿ ಹೇಳಲು ಹೆಣಗುವುದನ್ನು ಒಂಬತ್ತು ವಾಕ್ಯದ ಪಟ್ಟಿಯಿಂದ ಹಿಡಿದರು.

ಆದರೆ ಆ ಪಟ್ಟಿ ಕನ್ನಡಕ್ಕೆ ಬರುವಾಗ ಯಾವ ಪದ ಹಾಕುತ್ತೀರಿ? ನಾಚಿಕೆ, ಸಂಕೋಚ, ಮುಜುಗರ, ಅಳುಕು, ಬಿಗುಮಾನ ಇವೆಲ್ಲ ಒಂದೇ ಅಲ್ಲ. ದಾಕ್ಷಿಣ್ಯ ಎಂಬ ಪದವಂತೂ ನಮ್ಮ ಅರ್ಧ ಬದುಕನ್ನು ನಡೆಸುತ್ತದೆ. ನನ್ನ ಮನೆಮಾತಿನಲ್ಲಿ ಝಿಝಕ್ ಎಂದರೆ ಹಿಂಜರಿಕೆ, ಅದು ಕೊರತೆ. ಹಯಾ ಎಂದರೆ ಗುಣ. ಲಿಹಾಜ್ ಎಂದರೆ ಎದುರಿಗಿರುವವರ ಮಾನಕ್ಕೆ ಕೊಡುವ ಬೆಲೆ. ನನ್ನ ಸೊಸೆ ಇಂಗ್ಲಿಷಿನಲ್ಲಿ ಓದಿದಳು, ಹಯಾಕ್ಕೆ ಉತ್ತರ ಕೊಟ್ಟಳು. ಕಂಪನಿ ಅದನ್ನು ಝಿಝಕ್ ಎಂದು ಎಣಿಸಿತು.

ಆತ್ಮರತಿಯ ಅಳತೆ ಇನ್ನೂ ಸ್ವಾರಸ್ಯದ್ದು. ರಾಸ್ಕಿನ್ ಮತ್ತು ಹಾಲ್ 1979ರಲ್ಲಿ ಅದರ ಪ್ರಶ್ನಾವಳಿ ಪ್ರಕಟಿಸಿದರು. 1988ರಲ್ಲಿ ಅದು 40 ಜೋಡಿಗಳಿಗೆ ಇಳಿಯಿತು. ಪ್ರತಿ ಜೋಡಿಯಲ್ಲೂ ಒಂದು ತನ್ನನ್ನು ಎತ್ತಿ ಹೇಳುವ ಮಾತು, ಇನ್ನೊಂದು ಹಾಗಲ್ಲದ್ದು; ಒಂದನ್ನೇ ಆರಿಸಬೇಕು. ಮನೆಯನ್ನು ಗರೀಬ್‌ಖಾನಾ ಎನ್ನಲು ಕಲಿತು ಬೆಳೆದವನು ಎತ್ತಿ ಹೇಳುವ ಮಾತಿಗೆ ಗುರುತು ಹಾಕುವುದುಂಟೆ? ಹಾಗೆಂದು ಅವನಲ್ಲಿ ಆತ್ಮರತಿ ಇಲ್ಲವೆನ್ನಲಾದೀತೆ? ತನ್ನನ್ನು ನಾಚೀಜ್ ಎಂದು ಕರೆದುಕೊಳ್ಳುತ್ತ ಮೈಕಿನ ಮುಂದೆ ಬಂದ ಶಾಯರನನ್ನು ಏಳನೆಯ ಗಜಲಿನ ತನಕವೂ ಅಲ್ಲಿಂದ ಕದಲಿಸಲಾಗದ ಮುಶಾಯಿರಾಗಳನ್ನು ನಾನು ನೋಡಿದ್ದೇನೆ. ಸೊನ್ನೆ ಅಂಕ ಅವನಿಗೆ! (ಕಥೆಗಾರರ ವಿಷಯ ಸದ್ಯಕ್ಕೆ ಬೇಡ.)

ಆ ಪದದ ಮೂಲ ನಾರ್ಸಿಸಸ್, ನೀರಲ್ಲಿ ತನ್ನ ಬಿಂಬಕ್ಕೆ ಮರುಳಾದ ಗ್ರೀಕ್ ತರುಣ. ಹೂವಿನ ಹೆಸರೂ ಅದೇ. ಉರ್ದುವಿನಲ್ಲಿ ಈ ದೋಷಕ್ಕೆ ನರ್ಗಿಸಿಯತ್ ಎನ್ನುತ್ತಾರೆ, ಅದೇ ನರ್ಗಿಸ್ ಹೂವಿನಿಂದ. ಆದರೆ ಫಾರಸಿ, ಉರ್ದು ಕಾವ್ಯದಲ್ಲಿ ನರ್ಗಿಸ್ ಎಂದರೆ ಕಣ್ಣು. ಅಲ್ಲಿ ತನ್ನನ್ನೇ ನೋಡಿಕೊಂಡ ಹೂವು ಇಲ್ಲಿ ಲೋಕವನ್ನು ನೋಡುತ್ತದೆ. ಫ್ರಾಯ್ಡ್ ಆತ್ಮರತಿಯ ಮೇಲೆ ತನ್ನ ಪ್ರಬಂಧ ಪ್ರಕಟಿಸಿದ್ದು 1914ರಲ್ಲಿ. ಮರುವರ್ಷವೇ ಇಕ್ಬಾಲರ ಫಾರಸಿ ಕಾವ್ಯ 'ಅಸ್ರಾರೆ ಖುದೀ' ಬಂತು. ಅಲ್ಲಿಯವರೆಗೆ ಖುದೀ ಎಂದರೆ ಸೂಫಿಗಳು ಅಳಿಸಿಕೊಳ್ಳಬೇಕಾದ ಅಹಂ. ಇಕ್ಬಾಲ್ ಅದನ್ನೇ ಬೆಳೆಸಿಕೊಳ್ಳಬೇಕಾದ ಆತ್ಮಬಲ ಮಾಡಿದರು. ಒಂದೇ ಪದ, ಒಂದು ತಲೆಮಾರಿನಲ್ಲಿ ದೋಷದಿಂದ ಗುಣವಾಯಿತು. ನಲವತ್ತು ಜೋಡಿಗಳ ಆ ಹಾಳೆಯ ಬಗ್ಗೆಯೂ ಮನಶ್ಶಾಸ್ತ್ರಜ್ಞರಲ್ಲಿ ಇದೇ ಜಗಳ: ಇದು ಅಳೆಯುವುದು ಆತ್ಮರತಿಯನ್ನೋ, ಆರೋಗ್ಯಕರ ಆತ್ಮವಿಶ್ವಾಸವನ್ನೋ?

2014ರಲ್ಲಿ ಅಮೆರಿಕದ ಕೆಲವು ಸಂಶೋಧಕರು ನಲವತ್ತನ್ನು ಒಂದಕ್ಕೆ ತಂದರು. ಪದದ ಅರ್ಥ ಹೇಳಿ, ನೀವು ಅಂಥವರೇ ಎಂದು ನೇರ ಕೇಳಿದರು. ಅಂಥವರು ಬಹುಮಟ್ಟಿಗೆ ಹೌದೆಂದೇ ಹೇಳುತ್ತಾರೆ, ಏಕೆಂದರೆ ಅವರಿಗದು ತಪ್ಪೆನಿಸುವುದಿಲ್ಲ. ನಾನು ಇದನ್ನು ನಮ್ಮ ತಾಯಿಯ ಮೇಲೆ ಪ್ರಯೋಗಿಸಿದೆ. ಅವರು ಅಕ್ಕಿ ಆರಿಸುವುದನ್ನು ನಿಲ್ಲಿಸಿ, 'ಯಾರು ಕೇಳ್ಕೊಂಡು ಬಾ ಅಂದ್ರು?' ಎಂದರು.

ಪ್ರಶ್ನಾವಳಿಗಳೇ ಮೋಸ ಎಂದು ನಾನು ಹೇಳಲಾರೆ. ವೈದ್ಯರ ಕೈಯಲ್ಲಿ, ಎದುರು ಕೂತು ಕೇಳುವವರ ಕೈಯಲ್ಲಿ ಅವು ಎಷ್ಟೋ ಜನರ ನರಳಾಟಕ್ಕೆ ಹೆಸರು ಕೊಟ್ಟಿವೆ. ಧಾರವಾಡ ಸೀಮೆಯಲ್ಲಿ, ಕೋಟದಲ್ಲಿ ಪ್ರಶ್ನೆ ಕೇಳುವ ಮುನ್ನ ವರ್ಷಗಟ್ಟಲೆ ದುಡಿದರು. ನೌಕರಿಯ ಹಾಳೆಗೆ ಆ ದುಡಿಮೆ ಬೇಡ. ಸಾವಿರ ಅರ್ಜಿಯನ್ನು ನೂರಕ್ಕೆ ಇಳಿಸಿದರೆ ಸಾಕು. ಇಳಿದುಹೋದವರಿಗೆ ತಾವು ಯಾವ ಪ್ರಶ್ನೆಯಲ್ಲಿ ಬಿದ್ದೆವೆಂದು ಗೊತ್ತಾಗುವುದಿಲ್ಲ. ತಮ್ಮಲ್ಲೇ ಏನೋ ಐಬಿದೆ ಎಂದುಕೊಳ್ಳುತ್ತಾರೆ. ನನ್ನ ಸೊಸೆ ಒಂದು ತಿಂಗಳು ಹಾಗೇ ಅಂದುಕೊಂಡು ಮನೆಯಲ್ಲಿ ಕೂತಿದ್ದಳು.

ಈಗ ಅವಳು ಕಲಬುರಗಿಯ ಒಂದು ರಕ್ತಪರೀಕ್ಷೆಯ ಕೇಂದ್ರದಲ್ಲಿ ಕೌಂಟರಿನ ಹಿಂದೆ ಕೂರುತ್ತಾಳೆ. ಬೆಳಗಿನ ಬಸ್ಸಿಗೆ ಹೋಗಿ ಕತ್ತಲಾದ ಮೇಲೆ ಮಹಾಗಾಂವ ಕ್ರಾಸಿನಲ್ಲಿ ಇಳಿಯುತ್ತಾಳೆ. ಹೋದ ತಿಂಗಳು ಹೈದರಾಬಾದಿನ ಇನ್ನೊಂದು ಕೆಲಸಕ್ಕೆ ಅರ್ಜಿ ಹಾಕಿದಳು. ಅಲ್ಲೂ ಅದೇ ಐದು ಗುಂಡಿಯ ಪರೀಕ್ಷೆ ಇತ್ತಂತೆ. ಈ ಸಲ ಅವಳು ನನಗೆ ಫೋನು ಮಾಡಲಿಲ್ಲ. ಏನು ಒತ್ತಿದಳೋ, ನಾನೂ ಕೇಳಲಿಲ್ಲ.